ಎರಡು ಎಕರೆ, ಒಂದು ಸಂಬಳ: ಅರೆಕಾಲಿಕ ಬೇಸಾಯದ ಒಳಲೆಕ್ಕ

2018-19ರ ಕೃಷಿ ವರ್ಷದಲ್ಲಿ ದೇಶದ ಒಂದು ರೈತ ಕುಟುಂಬದ ಸರಾಸರಿ ಆದಾಯ ತಿಂಗಳಿಗೆ 10,218 ರೂಪಾಯಿ ಎಂದು ರಾಷ್ಟ್ರೀಯ ಮಾದರಿ ಸಮೀಕ್ಷೆ ಲೆಕ್ಕ ಹಾಕಿತು. ಮೊತ್ತಕ್ಕಿಂತ ಅದು ಬಂದ ಮೂಲಗಳನ್ನು ನೋಡಬೇಕು. ಕೂಲಿ ಮತ್ತು ಸಂಬಳದಿಂದ 4,063 ರೂಪಾಯಿ, ಬೆಳೆಯಿಂದ 3,798, ಜಾನುವಾರುಗಳಿಂದ 1,582, ಅಂಗಡಿ ಮುಂಗಟ್ಟಿನಂತಹ ಸಣ್ಣ ವ್ಯವಹಾರದಿಂದ 641, ಭೂಮಿಯನ್ನು ಗುತ್ತಿಗೆಗೆ ಕೊಟ್ಟು 134. ಆರು ವರ್ಷ ಹಿಂದಿನ, 2012-13ರ ಸಮೀಕ್ಷೆಯಲ್ಲಿ ಬೆಳೆಯೇ ಮೊದಲ ಸ್ಥಾನದಲ್ಲಿತ್ತು. ಆದಾಯದ ಅರ್ಧದಷ್ಟು ಅದರಿಂದಲೇ ಬರುತ್ತಿತ್ತು. ಈಗ ಕೂಲಿ ಮತ್ತು ಸಂಬಳ ಮುಂದೆ ಬಂದಿವೆ. ಭೂಮಿ ಚಿಕ್ಕದಾದಷ್ಟೂ ಹೊರಗಿನ ದುಡಿಮೆಯ ಪಾಲು ಹಿಗ್ಗುತ್ತದೆ.

ಇದು ಸರ್ಕಾರವೇ ರೈತ ಕುಟುಂಬಗಳೆಂದು ಗುರುತಿಸಿದ ಮನೆಗಳ ಲೆಕ್ಕ. ಆದರೂ ನಮ್ಮ ಭಾಷಣ, ಬಜೆಟ್, ಪತ್ರಿಕೆಗಳ ಕೃಷಿ ಪುಟ ಎಲ್ಲವೂ ರೈತನೆಂದರೆ ಬೆಳಗಿನಿಂದ ಸಂಜೆಯವರೆಗೆ ಹೊಲದಲ್ಲೇ ಇರುವ ಒಬ್ಬ ಗಂಡಸು ಎಂದು ಇಂದಿಗೂ ನಂಬಿವೆ. ಗಾರ್ಮೆಂಟ್ ಕಾರ್ಖಾನೆಗೆ ಹೋಗುವ ಹೆಂಡತಿ, ಭಾನುವಾರ ಕುಂಟೆ ಹೊಡೆಯುವ ಗಂಡ, ಡೇರಿಗೆ ಹಾಲು ಹಾಕುವ ಅತ್ತೆ ಇರುವ ಮನೆಯನ್ನು ಕಂಡರೆ, ಇವರು ಬೇಸಾಯ ಬಿಡುವ ದಾರಿಯಲ್ಲಿದ್ದಾರೆ ಎಂದುಕೊಳ್ಳುತ್ತೇವೆ. ನನ್ನ ಅಭಿಪ್ರಾಯದಲ್ಲಿ ಅವರು ಬೇಸಾಯವನ್ನು ಉಳಿಸಿಕೊಳ್ಳುವ ದಾರಿಯಲ್ಲಿದ್ದಾರೆ. ಆ ದಾರಿ ಎಲ್ಲಿ ನಡೆಯುತ್ತದೆ, ಎಲ್ಲಿ ಮುರಿಯುತ್ತದೆ ಎನ್ನುವುದು ಬಿಡಿಸಿ ನೋಡಬೇಕಾದ ಸಂಗತಿ.

ಮೊದಲು ನೆಲದ ಲೆಕ್ಕ. ಕರ್ನಾಟಕದಲ್ಲಿ ಹಿಡುವಳಿಯ ಸರಾಸರಿ ಗಾತ್ರ 1970-71ರ ಕೃಷಿ ಗಣತಿಯಲ್ಲಿ 3.2 ಹೆಕ್ಟೇರ್ ಇತ್ತು. 2015-16ಕ್ಕೆ ಅದು 1.36 ಹೆಕ್ಟೇರಿಗೆ ಇಳಿಯಿತು. ನಮ್ಮ ಅಳತೆಯಲ್ಲಿ ಹೇಳುವುದಾದರೆ ಎಂಟು ಎಕರೆ ಇದ್ದದ್ದು ಮೂರು ಎಕರೆ ಹದಿನಾಲ್ಕು ಗುಂಟೆಯಾಗಿದೆ. ಐದರಲ್ಲಿ ಸುಮಾರು ನಾಲ್ಕು ಹಿಡುವಳಿಗಳು ಐದು ಎಕರೆಗಿಂತ ಕಡಿಮೆಯವು.

ಇಷ್ಟು ನೆಲದಿಂದ ಏನು ಸಿಗುತ್ತದೆ? ಮಳೆಯಾಶ್ರಯದ ಒಂದು ಎಕರೆ ರಾಗಿಯನ್ನೇ ತೆಗೆದುಕೊಳ್ಳೋಣ. ಮಳೆ ಕೈಕೊಡದೆ ಹತ್ತು ಕ್ವಿಂಟಾಲ್ ಬಂತು ಎಂದುಕೊಳ್ಳಿ. 2025-26ರ ಬೆಂಬಲ ಬೆಲೆ ಕ್ವಿಂಟಾಲಿಗೆ 4,886 ರೂಪಾಯಿ; ಪೂರ್ತಿ ಮಾರಿದರೆ 48,860. ಉಳುಮೆ, ಗೊಬ್ಬರ, ಕಳೆ, ಕೊಯ್ಲು, ಒಕ್ಕಣೆಗೆ ಅರ್ಧ ಹೋಯಿತೆಂದರೆ ಉಳಿಯುವುದು ತಿಂಗಳಿಗೆ ಎರಡು ಸಾವಿರ. ಎರಡು ಎಕರೆಯಾದರೆ ನಾಲ್ಕು ಸಾವಿರ. ಅದೂ ಮಾರಿದರೆ ಮಾತ್ರ. ಐದು ಜನರ ಮುದ್ದೆ ಉಣ್ಣುವ ಮನೆಗೆ ವರ್ಷಕ್ಕೆ ನಾಲ್ಕೈದು ಕ್ವಿಂಟಾಲ್ ಬೇಕೇ ಬೇಕು. ಇಳುವರಿಯನ್ನು ಇನ್ನೆರಡು ಕ್ವಿಂಟಾಲ್ ಹೆಚ್ಚಿಸಿದರೂ ಮಕ್ಕಳ ಶಾಲೆಯ ಶುಲ್ಕ, ಆಸ್ಪತ್ರೆ, ಮದುವೆಗಳ ಖರ್ಚನ್ನು ಈ ಹೊಲ ಒಂದೇ ಹೊರಲಾರದು. ಹಾಗಾಗಿ ಹೊರಗಿನ ದುಡಿಮೆಯಿಲ್ಲದೆ ಗತ್ಯಂತರವಿಲ್ಲ. ಯಾವ ದುಡಿಮೆ, ಎಷ್ಟು ದೂರದಲ್ಲಿ, ಮನೆಯಲ್ಲಿ ಯಾರು ಹೋಗುವುದು, ಯಾರು ಉಳಿಯುವುದು ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ.

ಬೇಸಾಯ ಮಾಡುವುದು ಮನೆ

ಜಪಾನಿನಲ್ಲಿ ಇದನ್ನು ಬಹಳ ಹಿಂದೆಯೇ ಅಂಕಿಅಂಶದೊಳಗೆ ತಂದರು. ಅಲ್ಲಿ ರೈತ ಮನೆತನಗಳನ್ನು ಪೂರ್ಣಕಾಲಿಕ, ಅರೆಕಾಲಿಕ ಎಂದು ವಿಂಗಡಿಸಿ, ಅರೆಕಾಲಿಕರಲ್ಲೂ ಎರಡು ಬಗೆ ಮಾಡಿದರು: ಬೇಸಾಯದ ಆದಾಯವೇ ಹೆಚ್ಚಿರುವ ಮನೆ ಒಂದನೆಯ ಬಗೆ, ಹೊರಗಿನ ಆದಾಯ ಹೆಚ್ಚಿರುವ ಮನೆ ಎರಡನೆಯ ಬಗೆ. ಗಮನಿಸಬೇಕಾದದ್ದು, ಎಣಿಸಿದ್ದು ಮನೆಗಳನ್ನು. ಮನೆಯ ಯಜಮಾನನನ್ನು ಮಾತ್ರವಲ್ಲ. ನಮ್ಮಲ್ಲೂ ಹಾಗೆ ನೋಡಿದರೆ ಚಿತ್ರ ತಿಳಿಯಾಗುತ್ತದೆ. ಮದ್ದೂರು, ಚನ್ನಪಟ್ಟಣದ ಕಡೆಯ ಒಂದು ಮನೆಯಲ್ಲಿ ಮಗ ಬಿಡದಿಯ ಕಾರ್ಖಾನೆಗೆ ರೈಲಿನಲ್ಲಿ ಹೋಗಿ ಬರುತ್ತಾನೆ, ಸೊಸೆ ಗಾರ್ಮೆಂಟ್ ಬಸ್ ಹತ್ತುತ್ತಾಳೆ, ಅಪ್ಪ ಅಮ್ಮ ಹಸು ನೋಡಿಕೊಳ್ಳುತ್ತಾರೆ, ರಜೆಯ ದಿನ ಎಲ್ಲರೂ ಹೊಲಕ್ಕೆ ಇಳಿಯುತ್ತಾರೆ. ಈ ನಾಲ್ವರಲ್ಲಿ ಯಾರು ರೈತ ಎಂದು ಕೇಳಿದರೆ ಉತ್ತರ ಸಿಗದು. ಮನೆಯ ಒಟ್ಟು ಹೊತ್ತು ಹೇಗೆ ಹಂಚಿಹೋಗಿದೆ ಎಂದು ಕೇಳಿದರೆ ಎಲ್ಲವೂ ಅರ್ಥವಾಗುತ್ತದೆ.

ಸಂಬಳ ಈ ಮನೆಗೆ ಕೊಡುವುದು ಆದಾಯವನ್ನಷ್ಟೇ ಅಲ್ಲ, ಕೈಯಲ್ಲಿ ಸಮಯಕ್ಕೆ ನಗದನ್ನೂ ಕೊಡುತ್ತದೆ. ಜುಲೈನಲ್ಲಿ ಗೊಬ್ಬರ, ಬಿತ್ತನೆ ಬೀಜ ಬೇಕಾದಾಗ ಮಂಡಿಯವನ ಮುಂದೆ ನಿಲ್ಲಬೇಕಾಗಿಲ್ಲ. ಮುಂಗಡ ಪಡೆದವನು ಕೊಯ್ಲಾದ ಕೂಡಲೇ ಮಂಡಿಯವನು ಹೇಳಿದ ಬೆಲೆಗೆ ಕೊಡಬೇಕು. ಸಂಬಳವಿರುವ ಮನೆ ಬೆಂಬಲ ಬೆಲೆಯ ಖರೀದಿ ಕೇಂದ್ರ ತೆರೆಯುವ ತನಕ ಕಾಯಬಲ್ಲದು. ಇದು ಲೆಕ್ಕಪುಸ್ತಕದಲ್ಲಿ ಕಾಣದ, ಆದರೆ ತುಂಬ ದೊಡ್ಡ ಲಾಭ.

ಹೊಲವೂ ಸಂಬಳಕ್ಕೆ ಆಸರೆ ಕೊಡುತ್ತದೆ. ಮನೆಯ ಬಾಡಿಗೆಯಿಲ್ಲ, ಕಣಜದಲ್ಲಿ ರಾಗಿಯಿದೆ, ಹಾಲು ಕೊಳ್ಳಬೇಕಾಗಿಲ್ಲ. ಅದಕ್ಕೇ ಬೆಂಗಳೂರಿನಲ್ಲಿ ಬದುಕಲು ಸಾಲದ ಸಂಬಳ ಮದ್ದೂರಿನಲ್ಲಿ ಸಾಕಾಗುತ್ತದೆ. ಇದರ ಇನ್ನೊಂದು ಮುಖ ನನ್ನನ್ನು ಕಾಡುತ್ತದೆ. ರಾಜ್ಯದ ಕನಿಷ್ಠ ವೇತನ ವಲಯವಾರು ನಿಗದಿಯಾಗುತ್ತದೆ. ನಗರದಿಂದ ದೂರವಾದಷ್ಟೂ ದರ ಕಡಿಮೆ. ಸಿದ್ಧ ಉಡುಪಿನ ಕಾರ್ಖಾನೆಗಳು ಬೆಂಗಳೂರು ಬಿಟ್ಟು ಸಣ್ಣ ಊರುಗಳತ್ತ ಸಾಗಿದ್ದಕ್ಕೆ ಇದೂ ಒಂದು ಕಾರಣ. ಕೆಲಸಗಾರಳ ಊಟದ ಒಂದು ಪಾಲನ್ನು ಅವಳ ಹೊಲವೇ ಭರಿಸುತ್ತಿದೆ, ಅದರ ಲಾಭ ಕಾರ್ಖಾನೆಗೂ ಹೋಗುತ್ತಿದೆ. ಅರೆಕಾಲಿಕ ಬೇಸಾಯವನ್ನು ಹೊಗಳುವವರು ಈ ಮಾತನ್ನು ಮರೆಯಬಾರದು.

ಬೆಳೆಯ ಹೊತ್ತು, ಕೆಲಸದ ಹೊತ್ತು

ಯಾವ ಬೆಳೆಗೆ ಎಷ್ಟು ಆಳು ಬೇಕು ಎಂದು ಕೃಷಿ ಪುಸ್ತಕಗಳು ಹೇಳುತ್ತವೆ. ಸಂಬಳದ ಕೆಲಸವಿರುವವರಿಗೆ ಅದಕ್ಕಿಂತ ಮುಖ್ಯವಾದ ಪ್ರಶ್ನೆ ಬೇರೆ ಇದೆ: ಆ ಕೆಲಸ ಯಾವ ಹೊತ್ತಿಗೆ ಬೇಕು, ಮುಂದೂಡಲು ಆಗುತ್ತದೆಯೇ?

ರಾಗಿ ಈ ದೃಷ್ಟಿಯಿಂದ ಉದಾರ ಬೆಳೆ. ನಾಲ್ಕು ತಿಂಗಳು ಹೊಲದಲ್ಲಿದ್ದರೂ ನಿಜವಾಗಿ ಕೈ ಬೇಡುವುದು ಬಿತ್ತನೆ, ಕಳೆ, ಕೊಯ್ಲು ಈ ಮೂರು ಹೊತ್ತಿನಲ್ಲಿ. ಉಳುಮೆಗೆ ಬಾಡಿಗೆ ಟ್ರ್ಯಾಕ್ಟರ್ ಬರುತ್ತದೆ. 2014ರಲ್ಲಿ ಶುರುವಾದ ಕೃಷಿ ಯಂತ್ರಧಾರೆ ಕೇಂದ್ರಗಳಲ್ಲಿ ಯಂತ್ರಗಳು ಬಾಡಿಗೆಗೆ ಸಿಗುತ್ತವೆ. ಈಚೆಗೆ ಕೊಯ್ಲಿಗೂ ಯಂತ್ರ ಬಂದು, ವಾರದ ಕೆಲಸ ಒಂದೆರಡು ಗಂಟೆಯಲ್ಲಿ ಮುಗಿಯುತ್ತದೆ. ಆದರೆ ಯಂತ್ರ ಕೊಯ್ದ ಹೊಲದಲ್ಲಿ ಹುಲ್ಲು ತುಂಡಾಗಿ ಚೆಲ್ಲಾಪಿಲ್ಲಿಯಾಗುತ್ತದೆ, ಬಣವೆಗೆ ಸಿಗುವುದು ಕಡಿಮೆ. ಹಸು ಕಟ್ಟಿದ ಮನೆಯವರು ಇಂದಿಗೂ ಕುಡುಗೋಲು ಹಿಡಿದು ಕೊಯ್ಯುವುದು ಕಾಳಿಗಿಂತ ಹುಲ್ಲಿನ ಸಲುವಾಗಿ. ಒಂದು ಕಡೆ ಹೊತ್ತು ಉಳಿಸಿದರೆ ಇನ್ನೊಂದು ಕಡೆ ಮೇವು ಕೊಳ್ಳಬೇಕಾಗುತ್ತದೆ. ಇಂತಹ ಲೆಕ್ಕಗಳು ಪ್ರತಿ ಮನೆಯಲ್ಲೂ ನಡೆಯುತ್ತಿರುತ್ತವೆ.

ಹಾಲಿನ ಸ್ವಭಾವ ಪೂರಾ ಬೇರೆ. ದಿನಕ್ಕೆ ಮೂರ್ನಾಲ್ಕು ಗಂಟೆಯ ಕೆಲಸ, ಆದರೆ ಒಂದು ದಿನವೂ ರಜೆಯಿಲ್ಲ. ಡೇರಿ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ತೆರೆಯುತ್ತದೆ. ಬಾಗಿಲು ಹಾಕಿದ ಮೇಲೆ ಹಾಲು ಮನೆಯಲ್ಲೇ ಉಳಿಯುತ್ತದೆ. ಕರೆಯುವುದು, ಸಗಣಿ ಬಾಚುವುದು, ಹುಲ್ಲು ತರುವುದು, ಜಿಡ್ಡಿನ ಅಂಶ ಕಡಿಮೆ ಬಂದರೆ ಹಿಂಡಿ ಬದಲಿಸುವುದು, ಹಸು ಬೆದೆಗೆ ಬಂದದ್ದನ್ನು ಗುರುತಿಸುವುದು. ಈ ಕೊನೆಯದನ್ನು ಒಮ್ಮೆ ತಪ್ಪಿಸಿಕೊಂಡರೆ ಇಪ್ಪತ್ತೊಂದು ದಿನ ಕಾಯಬೇಕು, ಅಷ್ಟೂ ದಿನ ಮುಂದಿನ ಕರು ದೂರವಾಗುತ್ತದೆ. ಮನೆಯಲ್ಲಿ ಹಗಲು ಇರುವವರೊಬ್ಬರಾದರೂ ಬೇಕು. ಪ್ರತಿಯಾಗಿ ಹಾಲು ಕೊಡುವುದು ಕೃಷಿಯಲ್ಲಿ ಅಪರೂಪವಾದದ್ದು: ತಿಂಗಳು ಕಾಯದೆ ಬರುವ ಬಟವಾಡೆ. ಸಹಕಾರ ಸಂಘದ ದರದ ಮೇಲೆ ಲೀಟರಿಗೆ ಐದು ರೂಪಾಯಿ ಪ್ರೋತ್ಸಾಹಧನವನ್ನೂ ರಾಜ್ಯ ಸರ್ಕಾರ ಕೊಡುತ್ತದೆ. ಸಾವಿರಾರು ಹಳ್ಳಿಗಳಲ್ಲಿ ಸಣ್ಣ ಹಿಡುವಳಿಯನ್ನು ಉಳಿಸಿರುವುದು ಬೆಳೆಗಿಂತ ಹೆಚ್ಚಾಗಿ ಈ ಡೇರಿಯ ಪಾಸ್‌ಪುಸ್ತಕ ಎಂದರೆ ತಪ್ಪಾಗದು.

ಉಡುಪಿಯ ಶಂಕರಪುರದ ಸುತ್ತಮುತ್ತಲಿನ ಮಲ್ಲಿಗೆಯೂ ಇದೇ ಜಾತಿಯ ಕೆಲಸ. ಮನೆಯಂಗಳದ ಕೆಲವೇ ಸೆಂಟ್ಸ್ ಜಾಗದಲ್ಲಿ ಗಿಡ, ಮುಂಜಾನೆ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಚೆಂಡು ಮಾಡಿ, ಹೂವು ಕೊಳ್ಳುವ ಕಟ್ಟೆಗೆ ಕೊಟ್ಟುಬಿಟ್ಟರೆ ಆಯಿತು. ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಟ್ಟೆಯ ದರ ದಿನದಿನಕ್ಕೂ ನಿಗದಿಯಾಗುತ್ತದೆ. ಎಕರೆಗಟ್ಟಲೆ ಭೂಮಿ ಬೇಡದ, ಮನೆ ಬಿಟ್ಟು ಹೋಗಲಾಗದವರ ಕೈಗೆ ಹಣ ತರುವ ಬೇಸಾಯ ಇದು.

ರೇಷ್ಮೆ, ರಾಗಿ ಮತ್ತು ಹಾಲು ಎರಡರ ನಡುವಿನದು. ಹಿಂದೆ ಮೊಟ್ಟೆಯಿಂದಲೇ ಹುಳು ಸಾಕಬೇಕಿತ್ತು. ಈಗ ಮರಿಹುಳು ಸಾಕುವ ಚಾಕಿ ಕೇಂದ್ರದವರು ಎರಡನೇ ಜ್ವರದವರೆಗೆ (ಹುಳು ಪೊರೆ ಬಿಡುವ ಹಂತಕ್ಕೆ ಜ್ವರ ಎನ್ನುತ್ತಾರೆ) ಸಾಕಿ ಕೊಡುವುದರಿಂದ, ರೈತನ ಮನೆಯಲ್ಲಿ ಹುಳು ಇರುವುದು ಮೂರು ವಾರದಷ್ಟು. ಸೊಪ್ಪನ್ನು ಬಿಡಿಸಿ ಹಾಕುವ ಬದಲು ಕಡ್ಡಿ ಸಮೇತ ಕೊಡುವ ಪದ್ಧತಿ ಬಂದ ಮೇಲೆ ಕೂಲಿಯೂ ತಗ್ಗಿತು. ಆದರೂ ನಾಲ್ಕನೇ ಜ್ವರ ಎದ್ದ ಮೇಲಿನ ಒಂದು ವಾರ ಯಾರ ಮಾತನ್ನೂ ಕೇಳುವುದಿಲ್ಲ. ಹುಳು ತನ್ನ ಜೀವಮಾನದಲ್ಲಿ ತಿನ್ನುವ ಸೊಪ್ಪಿನ ಶೇ 80ಕ್ಕಿಂತ ಹೆಚ್ಚನ್ನು ಆ ವಾರದಲ್ಲೇ ತಿನ್ನುತ್ತದೆ. ನಂತರ ಹುಳು ಹಣ್ಣಾಗುತ್ತದೆ, ಎಂದರೆ ಗೂಡು ಕಟ್ಟಲು ಸಿದ್ಧವಾಗುತ್ತದೆ. ಹಣ್ಣಾದ ಹುಳುವನ್ನು ಆ ದಿನವೇ ಗೂಡು ಕಟ್ಟುವ ಚಂದ್ರಿಕೆಗೆ ಬಿಡದಿದ್ದರೆ ನೂಲು ಹಾಸಿಗೆಯ ಪಾಲು. ಆ ಹೊತ್ತಿಗೆ ಕಾರ್ಖಾನೆಗೆ ಹೋಗುವವರು ರಜೆ ಹಾಕುತ್ತಾರೆ, ನೆಂಟರು ಬರುತ್ತಾರೆ, ಮುಯ್ಯಾಳು (ಕೂಲಿಗೆ ಬದಲು ಕೆಲಸಕ್ಕೆ ಕೆಲಸ) ಕರೆಯುತ್ತಾರೆ. ಸಂಬಳದ ಕೆಲಸ ಅಂತಹ ರಜೆಯನ್ನು ಕೊಡುವುದಾದರೆ ಮಾತ್ರ ರೇಷ್ಮೆ ಅದರ ಜೊತೆ ಹೊಂದುತ್ತದೆ. ಟೊಮ್ಯಾಟೊ ಹಾಗಲ್ಲ. ಕೋಲು ನೆಟ್ಟು ಕಟ್ಟುವುದು, ವಾರ ವಾರ ಔಷಧಿ, ನಾಲ್ಕು ದಿನಕ್ಕೊಮ್ಮೆ ಕೊಯ್ಲು, ಅರ್ಧ ರಾತ್ರಿಗೆ ಮಾರುಕಟ್ಟೆ, ಬೆಲೆಯ ಮೇಲೆ ಭರವಸೆಯೇ ಇಲ್ಲ. ಸಂಬಳ ನಂಬಿಕೊಂಡು ಅರ್ಧ ಗಮನದಲ್ಲಿ ಟೊಮ್ಯಾಟೊ ಹಾಕುವುದು ಸಾಲ ತರುವ ಕೆಲಸ.

ನೀರಾವರಿಯಿದ್ದರೆ ವಿದ್ಯುತ್ತಿನ ಹೊತ್ತೂ ಸೇರಿಕೊಳ್ಳುತ್ತದೆ. ಪಂಪ್‌ಸೆಟ್‌ಗೆ ಮೂರು ಫೇಸ್ ವಿದ್ಯುತ್ ಸಿಗುವುದು ದಿನಕ್ಕೆ ಏಳು ಗಂಟೆ, ಪಾಳಿಯ ಮೇಲೆ, ಎಷ್ಟೋ ಸಲ ರಾತ್ರಿ. ಕಾರ್ಖಾನೆಯ ಪಾಳಿ ಮುಗಿಸಿ ಬಂದವನು ಮತ್ತೆ ಟಾರ್ಚ್ ಹಿಡಿದು ಹಾವಿನ ಭಯದಲ್ಲಿ ಹೊಲಕ್ಕೆ ಹೋಗಬೇಕಿತ್ತು. ಮೊಬೈಲಿನಿಂದ ಮೋಟಾರು ಚಾಲೂ ಮಾಡುವ ಸ್ಟಾರ್ಟರ್, ಅದರ ಜೊತೆ ಹನಿ ನೀರಾವರಿ ಬಂದದ್ದು ಇಂತಹ ಮನೆಗಳ ನಿದ್ದೆಯನ್ನು ಎಷ್ಟು ಉಳಿಸಿದೆ ಎಂಬುದು ಅವರಿಗೇ ಗೊತ್ತು.

ದೂರ

ಸಮೀಕ್ಷೆಯ ಆ 4,063 ರೂಪಾಯಿಯಲ್ಲಿ ಎರಡು ಬೇರೆ ಬೇರೆ ಬದುಕುಗಳು ಅಡಗಿವೆ. ಒಂದು, ಸಂಜೆ ಮನೆಗೆ ಮರಳುವವರದು. ಇನ್ನೊಂದು, ಯಾದಗಿರಿ, ರಾಯಚೂರು, ಕಲಬುರಗಿಯ ಒಣಭೂಮಿಯಿಂದ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗುವವರದು. ಮೃಗಶಿರ ಮಳೆಗೆ ತೊಗರಿ ಬಿತ್ತಿ, ರಾಶಿ ಮಾಡಿ, ಮನೆಗೆ ಬೀಗ ಹಾಕಿ ಹೊರಡುತ್ತಾರೆ. ಬೇಸಿಗೆ ಮುಗಿಯುವ ಹೊತ್ತಿಗೆ ಮತ್ತೆ ಬಿತ್ತನೆಗೆ ಬರುತ್ತಾರೆ. ವಿಜಯಪುರದ ಕಡೆಯವರು ಕಬ್ಬು ಕಡಿಯುವ ತಂಡಗಳಲ್ಲಿ, ಗೋವೆಯ ಕೂಲಿಯಲ್ಲಿ ಸೇರುತ್ತಾರೆ. ಇವರೂ ಅರೆಕಾಲಿಕ ರೈತರೇ. ಆದರೆ ಮುಂಗಡ ಪಡೆದು ಹೋದವನು ಮಳೆ ಬಂತೆಂದು ಹೊರಟು ಬರಲಾರ. ಮಕ್ಕಳ ಶಾಲೆ ತಪ್ಪುತ್ತದೆ, ಹಸು ಕಟ್ಟುವಂತಿಲ್ಲ. ಹೊರಗಿನ ದುಡಿಮೆ ಹತ್ತಿರದಲ್ಲಿದ್ದರೆ ಅದು ಬೇಸಾಯಕ್ಕೆ ಬಂಡವಾಳ. ದೂರದಲ್ಲಿದ್ದರೆ ಬೇಸಾಯವನ್ನೇ ತಿನ್ನುತ್ತದೆ. ಅದಕ್ಕಾಗಿ, ಒಣ ಜಿಲ್ಲೆಗಳ ಸಣ್ಣ ರೈತರಿಗೆ ಇನ್ನೊಂದು ಬೆಳೆ ಪ್ರೋತ್ಸಾಹ ಯೋಜನೆಗಿಂತ ಮೂವತ್ತು ಕಿಲೋಮೀಟರಿನೊಳಗೆ ಖಾಯಂ ಉದ್ಯೋಗ, ಬೆಳಿಗ್ಗೆ ಆರಕ್ಕೆ ಒಂದು ಬಸ್ ಹೆಚ್ಚು ಉಪಕಾರ ಮಾಡುತ್ತವೆ ಎಂದು ನಾನು ನಂಬಿದ್ದೇನೆ. 2005ರ ಉದ್ಯೋಗ ಖಾತ್ರಿ ಕಾಯ್ದೆಯಡಿ ಸಣ್ಣ ರೈತರು ತಮ್ಮದೇ ಜಮೀನಿನಲ್ಲಿ ಬದು, ಕೃಷಿ ಹೊಂಡ, ಹಿಪ್ಪುನೇರಳೆ ನಾಟಿಯ ಕೆಲಸ ಮಾಡಿ ಕೂಲಿ ಪಡೆಯಲು ಅವಕಾಶ ಮಾಡಿದ್ದು ಈ ಕಾರಣಕ್ಕೇ ಒಳ್ಳೆಯ ಹೆಜ್ಜೆಯಾಗಿತ್ತು: ದುಡಿಮೆ ಹೊಲದ ಬಳಿಗೇ ಬಂತು.

ದುಡಿಮೆ ಒಬ್ಬರದು, ಪಹಣಿ ಇನ್ನೊಬ್ಬರದು

ಗಂಡಸು ಹೊರಗೆ ಹೋದಾಗ ಹೊಲದಲ್ಲಿ ಉಳಿಯುವವಳು ಹೆಂಗಸು. ಕಾರ್ಮಿಕ ಸಮೀಕ್ಷೆಗಳ ಪ್ರಕಾರ ದೇಶದ ಹಳ್ಳಿಗಳಲ್ಲಿ ದುಡಿಯುವ ಹೆಂಗಸರ ಪೈಕಿ ನಾಲ್ವರಲ್ಲಿ ಮೂವರು ಕೃಷಿಯಲ್ಲಿದ್ದಾರೆ. ಗಂಡಸರಲ್ಲಿ ಅರ್ಧದಷ್ಟು ಮಾತ್ರ. ಆದರೆ 2015-16ರ ಗಣತಿಯಲ್ಲಿ ಹೆಂಗಸರ ಹೆಸರಿನಲ್ಲಿದ್ದ ಹಿಡುವಳಿಗಳು ದೇಶದಲ್ಲಿ ಶೇ 14ರಷ್ಟು. ಯಾವ ಬೀಜ, ಯಾವಾಗ ಕಳೆ, ಯಾರಿಗೆ ಮಾರುವುದು ಎಂದು ಅವಳು ತೀರ್ಮಾನಿಸುತ್ತಾಳೆ. ಸಾಲ, ಪರಿಹಾರ, ಸಹಾಯಧನಕ್ಕೆ ಪಹಣಿಯಲ್ಲಿರುವ ಮಾವನ ಹೆಸರೋ ಗಂಡನ ಹೆಸರೋ ಬೇಕು. ರೈತ ಸಂಪರ್ಕ ಕೇಂದ್ರ ತೆರೆದಿರುವುದು ಕಚೇರಿ ಹೊತ್ತಿನಲ್ಲಿ. ಗಂಡ ಆಗ ಪಾಳಿಯಲ್ಲಿರುತ್ತಾನೆ. ಒಂದು ಸಹಿಗೆ ಒಂದು ದಿನದ ಸಂಬಳ ಹೋಗುತ್ತದೆ.

ರೈತರ ನೋಂದಣಿಯ ಫ್ರೂಟ್ಸ್ ಗುರುತಿನ ಸಂಖ್ಯೆ, ಬೆಳೆ ಸಮೀಕ್ಷೆಯ ಆ್ಯಪ್ ಬಂದ ಮೇಲೆ ಸ್ವಲ್ಪ ಸುಲಭವಾಗಿದೆ. ತಮ್ಮ ಹೊಲದ ಬೆಳೆಯ ಚಿತ್ರವನ್ನು ತಾವೇ ತೆಗೆದು ಸೇರಿಸಬಹುದು. ಅರೆಕಾಲಿಕ ರೈತರು ಇದನ್ನು ಮರೆಯಲೇಬಾರದು. ಯಾರೂ ಮನೆಯಲ್ಲಿಲ್ಲದ ದಿನ ಸಮೀಕ್ಷೆಯವರು ಬಂದು ರಾಗಿ ಹೊಲವನ್ನು ಬೀಳು ಎಂದೋ, ಬೇರೆ ಬೆಳೆ ಎಂದೋ ಬರೆದುಕೊಂಡರೆ ಬೆಂಬಲ ಬೆಲೆಗೆ ಮಾರಲು ಹೋದಾಗ ನೋಂದಣಿಯೇ ಆಗುವುದಿಲ್ಲ.

ನಿಯಮಗಳಿಗೂ ಈ ಮನೆಗಳು ಗೊಂದಲ. ವರ್ಷಕ್ಕೆ 6,000 ರೂಪಾಯಿ ಕೊಡುವ ಪಿಎಂ ಕಿಸಾನ್ ಯೋಜನೆಯಲ್ಲಿ ಆದಾಯ ತೆರಿಗೆ ಕಟ್ಟುವವರು, ಸರ್ಕಾರಿ ನೌಕರರು ಹೊರಗೆ. ನಾಲ್ಕನೇ ದರ್ಜೆಯ ನೌಕರರು ಮಾತ್ರ ಒಳಗೆ. ಕರ್ನಾಟಕ ಭೂಸುಧಾರಣಾ ಕಾಯ್ದೆಯ 79ಎ ಕಲಮು, ಕೃಷಿಯೇತರ ಆದಾಯ ಮಿತಿ ಮೀರಿದವರು ಜಮೀನು ಕೊಳ್ಳುವುದನ್ನೇ ದಶಕಗಳ ಕಾಲ ತಡೆದಿತ್ತು. 2020ರಲ್ಲಿ ಅದನ್ನು ತೆಗೆದುಹಾಕಲಾಯಿತು. ತೆಗೆದದ್ದರಿಂದ ಲಾಭವಾಗುವುದು ದೊಡ್ಡ ಹಣವುಳ್ಳವರಿಗೆ ಎಂಬ ಆತಂಕ ನನಗೂ ಇದೆ. ಎರಡು ಎಕರೆಯ ನೌಕರನನ್ನೂ ಇನ್ನೂರು ಎಕರೆ ಕೊಳ್ಳಬಲ್ಲವನನ್ನೂ ಒಂದೇ ಕಣ್ಣಿನಿಂದ ನೋಡುವ ಕಾನೂನು ಎರಡೂ ಕಾಲದಲ್ಲಿ ಸಣ್ಣವನಿಗೆ ನೆರವಾಗಲಿಲ್ಲ.

ವಾರಕ್ಕೆ ಕೊಟ್ಟ ಭೂಮಿ, ನೆಟ್ಟು ಮರೆತ ಭೂಮಿ

ಮನೆಯವರೆಲ್ಲ ಹೊರಗೆ ಹೋದಾಗ ಹೊಲ ಏನಾಗುತ್ತದೆ? ಪಕ್ಕದ ಹೊಲದವನಿಗೆ ಹಳೇ ಮೈಸೂರಿನಲ್ಲಿ ವಾರಕ್ಕೆ (ಬೆಳೆಯ ಪಾಲಿಗೆ), ಉತ್ತರ ಕರ್ನಾಟಕದಲ್ಲಿ ಲಾವಣಿಗೆ (ಗುತ್ತಿಗೆಗೆ) ಕೊಡುತ್ತಾರೆ. ಒಳ್ಳೆಯದೇ, ಅವನಿಗೂ ಒಂದಿಷ್ಟು ಹೆಚ್ಚು ನೆಲ ಸಿಕ್ಕಿತು. ಆದರೆ 1974ರ ತಿದ್ದುಪಡಿಯ ನಂತರ ರಾಜ್ಯದಲ್ಲಿ ಗೇಣಿಗೆ ಅವಕಾಶವಿಲ್ಲ. ಉಳುವವನಿಗೆ ಭೂಮಿ ಕೊಡಿಸಿದ ಆ ಕಾನೂನಿನ ಉಪಕಾರ ದೊಡ್ಡದು, ಅದನ್ನು ಕಡೆಗಣಿಸಲಾಗದು. ಈಗ ಭೂಮಿ ಕೊಡುವವನೂ ಸಣ್ಣವನೇ, ಪಡೆಯುವವನೂ ಸಣ್ಣವನೇ. ಇಬ್ಬರ ನಡುವಿನ ಕರಾರು ಬಾಯಿಮಾತಿನದು. ಹಾಗಾಗಿ ಬರ ಬಿದ್ದಾಗ ಪರಿಹಾರ ಹೋಗುವುದು ಉಳದವನ ಖಾತೆಗೆ, ಬೆಳೆಸಾಲ ಸಿಗದಿರುವುದು ಉತ್ತವನಿಗೆ. ಮಾಲೀಕ ಹೆದರಿ ವರ್ಷ ವರ್ಷ ಉಳುವವನನ್ನು ಬದಲಿಸುತ್ತಾನೆ. ಮುಂದಿನ ವರ್ಷ ಇರುತ್ತೇನೋ ಇಲ್ಲವೋ ಎನ್ನುವವನು ತಿಪ್ಪೆಗೊಬ್ಬರ ಹಾಕುವುದಿಲ್ಲ. ನೀತಿ ಆಯೋಗ 2016ರಲ್ಲಿ ಗುತ್ತಿಗೆಯನ್ನು ಬರಹಕ್ಕೆ ತರುವ ಮಾದರಿ ಕಾಯ್ದೆಯನ್ನು ಮುಂದಿಟ್ಟಿತು. ಒಡೆತನಕ್ಕೆ ಚ್ಯುತಿಯಿಲ್ಲದೆ, ಉಳುವವನ ಹೆಸರನ್ನು ಆ ಹಂಗಾಮಿಗೆ ದಾಖಲಿಸುವ ಸರಳ ವ್ಯವಸ್ಥೆಯೊಂದು ಇಂತಹ ಮನೆಗಳಿಗೆ ತುರ್ತಾಗಿ ಬೇಕು.

ಇನ್ನೊಂದು ದಾರಿ ಆಳು ಬೇಡದ ಮರ ನೆಡುವುದು. ಕೋಲಾರ, ಬೆಂಗಳೂರು ಗ್ರಾಮಾಂತರದಲ್ಲಿ ರಾಗಿ ಹೊಲಗಳು ನೀಲಗಿರಿಯಾದದ್ದು ಹೀಗೆ. ನೆಟ್ಟು ಹೋದರೆ ಕೆಲವು ವರ್ಷ ತಿರುಗಿ ನೋಡಬೇಕಾಗಿಲ್ಲ. ಅಂತರ್ಜಲದ ಗತಿ ನೋಡಿ 2017ರಲ್ಲಿ ಸರ್ಕಾರ ಹೊಸ ನೀಲಗಿರಿ ನಾಟಿಯನ್ನು ನಿಷೇಧಿಸಿತು. ಹೊಲಕ್ಕೆ ಹೋಗುವ ಹೊತ್ತಿಲ್ಲದ ಮನೆಗೆ ಬದಲಿ ಏನು ಎಂಬ ಪ್ರಶ್ನೆಗೆ ನಿಷೇಧದಲ್ಲಿ ಉತ್ತರವಿರಲಿಲ್ಲ. ನೇರಳೆ, ಹುಣಸೆ, ಹಲಸು, ಹೆಬ್ಬೇವಿನ ನಡುವೆ ಹುರುಳಿ ಚೆಲ್ಲುವ ಬೇಸಾಯ ಅಂತಹ ಒಂದು ಉತ್ತರ. ಮೊದಲ ನಾಲ್ಕೈದು ವರ್ಷ ಸಂಬಳವೇ ಅದನ್ನು ಸಾಕಬೇಕು.

ಐವತ್ತರ ನಂತರ

ಜಪಾನಿನ ಕಥೆಗೆ ಮರಳಿದರೆ, ಅಲ್ಲಿ ಯಂತ್ರಗಳ ನೆರವಿನಿಂದ ವಾರಾಂತ್ಯದ ಭತ್ತದ ಬೇಸಾಯ ಒಂದು ತಲೆಮಾರನ್ನು ಚೆನ್ನಾಗಿ ನಡೆಸಿತು. ಮಕ್ಕಳು ಹಿಂದಿರುಗಲಿಲ್ಲ. 2020ರ ಗಣತಿಯ ಹೊತ್ತಿಗೆ ಅಲ್ಲಿ ಬೇಸಾಯವನ್ನೇ ಮುಖ್ಯವಾಗಿ ಮಾಡುವವರ ಸರಾಸರಿ ವಯಸ್ಸು 67.8. ನಮ್ಮಲ್ಲಿ ವಯಸ್ಸಿನ ಸಮಸ್ಯೆ ಬೇರೆ ದಿಕ್ಕಿನಿಂದ ಬರುತ್ತಿದೆ. ಗಾರ್ಮೆಂಟ್ ಯಂತ್ರದ ಮುಂದೆ ಕೂತವರ ಬೆನ್ನು, ಕಣ್ಣು ನಲವತ್ತೈದರ ಹೊತ್ತಿಗೆ ಸೋಲುತ್ತವೆ, ದಿನಕ್ಕೆ ಇಷ್ಟು ಹೊಲಿಯಬೇಕೆಂಬ ಗುರಿ ಮುಟ್ಟದಾಗುತ್ತದೆ, ಕೆಲಸ ಬಿಡುತ್ತಾರೆ. ಆಗ ಹೊಲವೇ ನಿವೃತ್ತಿ.

ಆ ಹೊತ್ತಿಗೆ ಕೈಗೆ ಬರುವ ಒಂದೇ ದೊಡ್ಡ ಮೊತ್ತ ಪಿ.ಎಫ್., ಎಂದರೆ ಭವಿಷ್ಯ ನಿಧಿ. ಮಾಲೀಕರ ಪಾಲನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂದು ಕೇಂದ್ರ ನಿಯಮ ಮಾಡಿದಾಗ, 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ ಹೆಣ್ಣುಮಕ್ಕಳು ಸಾವಿರ ಸಾವಿರ ಸಂಖ್ಯೆಯಲ್ಲಿ ಹೊಸೂರು ರಸ್ತೆಗೆ ಇಳಿದರು. ನಿಯಮ ಹಿಂದೆ ಹೋಯಿತು. ಆ ಹಣದ ಬೆಲೆ ಅವರಿಗೆ ಅಷ್ಟು ಚೆನ್ನಾಗಿ ಗೊತ್ತಿತ್ತು. ಆದರೆ ಕೆಲಸ ಬದಲಿಸಿದಾಗಲೆಲ್ಲ ಪೂರ್ತಿ ತೆಗೆದುಕೊಂಡರೆ ಸೇವೆಯ ಲೆಕ್ಕ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ, ತಿಂಗಳ ಪಿಂಚಣಿಗೆ ಬೇಕಾದ ಹತ್ತು ವರ್ಷ ತುಂಬುವುದೇ ಇಲ್ಲ. ಬಿಡುವ ಮುನ್ನ ತಮ್ಮ ಯುಎಎನ್ (ಪಿ.ಎಫ್. ಗುರುತಿನ ಸಂಖ್ಯೆ) ಖಾತೆಯಲ್ಲಿ ಎಷ್ಟು ವರ್ಷ ದಾಖಲಾಗಿದೆ ಎಂದು ನೋಡಿಕೊಳ್ಳಬೇಕು. ಎಂಟು, ಒಂಬತ್ತಾಗಿದ್ದರೆ ಹೇಗಾದರೂ ಪೂರೈಸುವುದು ಲೇಸು. ಬಂದ ಹಣವನ್ನು ಕೊಳವೆಬಾವಿಗೆ ಸುರಿಯುವ ಮುನ್ನವೂ ಯೋಚಿಸಬೇಕು. ಕೋಲಾರದ ಕಡೆ ಸಾವಿರ ಅಡಿ ದಾಟಿದರೂ ನೀರು ಸಿಗುವ ಖಾತ್ರಿಯಿಲ್ಲ. ಆ ಹಣದಲ್ಲಿ ಒಂದು ಗಟ್ಟಿ ಕೊಟ್ಟಿಗೆ, ಎರಡು ಹಸು, ಹತ್ತು ಗುಂಟೆ ಮೇವು ಮಾಡಿಕೊಂಡು, ಡೇರಿಯ ಸದಸ್ಯತ್ವವನ್ನು ಕರೆಯುವವಳ ಹೆಸರಿನಲ್ಲೇ ಮಾಡಿಸಿದರೆ ಬಟವಾಡೆ ಅವಳ ಖಾತೆಗೇ ಬರುತ್ತದೆ.